ಮಕ್ಕಳ ಸ್ಕೂಲ್ ರಿಪೋರ್ಟ್ ಓದುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಮೊನ್ನೆ ನಮ್ಮ ಗುಂಪಿನಲ್ಲಿ ಒಬ್ಬ ತಾಯಿ ಒಂದು ಪ್ರಶ್ನೆ ಕೇಳಿದ್ದರು. ಬೆಂಗಳೂರಿನಿಂದ ಇಂಗ್ಲೆಂಡಿಗೆ ಬಂದು ಇನ್ನೂ ವರ್ಷ ತುಂಬಿಲ್ಲ. ಮಗಳು ಇಯರ್ 2ರಲ್ಲಿ, ಅಂದರೆ ಆರೇಳು ವರ್ಷದ ಮಕ್ಕಳ ತರಗತಿಯಲ್ಲಿದ್ದಾಳೆ. ರಿಪೋರ್ಟ್ ತುಂಬ ಹೊಗಳಿಕೆ ಇದೆ, ಆದರೆ ಬರವಣಿಗೆಯ ಮುಂದೆ 'ವರ್ಕಿಂಗ್ ಟುವರ್ಡ್ಸ್' ಅಂತ ಬರೆದಿದ್ದಾರೆ. ಖುಷಿಪಡಬೇಕಾ, ಚಿಂತೆ ಮಾಡಬೇಕಾ? ಬಂದ ಉತ್ತರಗಳಲ್ಲಿ ಅರ್ಧ "ಏನೂ ಆಗಲ್ಲ ಬಿಡಿ" ಎಂದವು. ಉಳಿದರ್ಧ "ಇವತ್ತೇ ಟ್ಯೂಷನ್‌ಗೆ ಸೇರಿಸಿ" ಎಂದವು. ನನಗೆ ಎರಡೂ ಸರಿ ಅನ್ನಿಸಲಿಲ್ಲ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ. ನಾನು ಹೇಳುವುದು ಇಂಗ್ಲೆಂಡಿನ ಸರ್ಕಾರಿ ಶಾಲೆಗಳ ಬಗ್ಗೆ. ಸ್ಕಾಟ್ಲೆಂಡ್‌ನಲ್ಲಿ ಪಠ್ಯಕ್ರಮವೂ ಬೇರೆ, ಪದಗಳೂ ಬೇರೆ.

ನಮಗೆಲ್ಲ ಇಂಗ್ಲಿಷ್ ಚೆನ್ನಾಗಿಯೇ ಬರುತ್ತದೆ. ಆದರೆ ನಾವು ಓದಿದ ಕಾಲದಲ್ಲಿ ಕಲಿಕೆಯನ್ನು ಅಳೆಯುತ್ತಿದ್ದುದು ಮಾರ್ಕ್ಸ್, ರ‍್ಯಾಂಕ್, ಫಸ್ಟ್ ಕ್ಲಾಸ್ ಎಂಬ ಮಾತುಗಳಲ್ಲಿ. ಇಲ್ಲಿಯ ಪ್ರೈಮರಿ ಶಾಲೆಯಲ್ಲಿ ಅವು ಹೆಚ್ಚಾಗಿ ಸಿಗುವುದಿಲ್ಲ. ಸಿಗುವುದು ಮೆತ್ತಗಿನ ವಾಕ್ಯಗಳು. ಅವು ಕೇಳಲು ಮೆತ್ತಗಿದ್ದರೂ ಅಳತೆ ಮಾಡಿಯೇ ಬರೆದವು.

'ವರ್ಕಿಂಗ್ ಟುವರ್ಡ್ಸ್' ಎಂದರೆ ಆ ವಯಸ್ಸಿಗೆ ನಿರೀಕ್ಷಿಸಿದ ಮಟ್ಟ ಇನ್ನೂ ಮುಟ್ಟಿಲ್ಲ ಎಂದರ್ಥ. 'ಎಕ್ಸ್‌ಪೆಕ್ಟೆಡ್' ಎಂದರೆ ಮುಟ್ಟಿದೆ. ಇದನ್ನು ನೋಡಿ 'ಬರೀ ಆವರೇಜಾ' ಎಂದು ಬೇಸರಪಡುವವರು ನಮ್ಮಲ್ಲಿ ಜಾಸ್ತಿ. ದಯವಿಟ್ಟು ಬೇಡ, ಅದು ನಿಜಕ್ಕೂ ಒಳ್ಳೆಯ ಸುದ್ದಿ. 'ಗ್ರೇಟರ್ ಡೆಪ್ತ್' ಎಂದರೆ ಮಗು ಮುಂದಿನ ವರ್ಷದ ಪಾಠ ಮುಗಿಸಿದೆ ಎಂದಲ್ಲ. ಕಲಿತದ್ದನ್ನೇ ಹೊಸ ಸಂದರ್ಭದಲ್ಲಿ ತಾನೇ ಬಳಸಬಲ್ಲದು, ಯಾಕೆ ಹಾಗೆ ಮಾಡಿದೆ ಎಂದು ಹೇಳಬಲ್ಲದು ಎಂದರ್ಥ. ಹಾಗಾಗಿ ಅದಕ್ಕಾಗಿ ಮುಂದಿನ ತರಗತಿಯ ವರ್ಕ್‌ಬುಕ್ ತಂದು ಮಾಡಿಸುವುದರಿಂದ ಹೆಚ್ಚು ಉಪಯೋಗವಿಲ್ಲ. "ಇದು ಹೇಗೆ ಬಂತು, ನನಗೆ ಹೇಳಿಕೊಡು" ಎಂದು ಮಗುವನ್ನು ಕೇಳಿದರೆ ಉಪಯೋಗ ಜಾಸ್ತಿ. ಗುಂಪಿನ ಹಳಬರು ಕೆಲವರು ಲೆವೆಲ್ 3, ಲೆವೆಲ್ 4 ಎಂದು ಇನ್ನೂ ಹೇಳುತ್ತಾರೆ. ಆ ಲೆವೆಲ್‌ಗಳು 2014ರ ಹೊಸ ಪಠ್ಯಕ್ರಮದ ಜೊತೆಗೆ ಹೋದವು.

ಇನ್ನು ವಾಕ್ಯಗಳು. ಎರಡು ಪದಗಳನ್ನು ಮೊದಲು ಹುಡುಕಿ: 'ಇಂಡಿಪೆಂಡೆಂಟ್ಲಿ' ಮತ್ತು 'ವಿತ್ ಸಪೋರ್ಟ್'. 'ವಿತ್ ಸಪೋರ್ಟ್ ಶಿ ಕ್ಯಾನ್ ರೈಟ್' ಎಂದಿದ್ದರೆ ಟೀಚರ್ ಪಕ್ಕದಲ್ಲಿ ಕೂತಾಗ ಬರೆಯುತ್ತಾಳೆ, ಒಬ್ಬಳೇ ಇನ್ನೂ ಬರೆಯುವುದಿಲ್ಲ. 'ಬಿಗಿನಿಂಗ್ ಟು' ಎಂದರೆ ಶುರುವಾಗಿದೆ, ಇನ್ನೂ ಗಟ್ಟಿಯಾಗಿಲ್ಲ. 'ಸೆಕ್ಯೂರ್' ಎಂದರೆ ಗಟ್ಟಿಯಾಗಿದೆ. 'ವುಡ್ ಬೆನಿಫಿಟ್ ಫ್ರಮ್' ಎಂದು ಶುರುವಾಗುವ ವಾಕ್ಯವನ್ನು ಸಲಹೆ ಎಂದುಕೊಂಡು ದಾಟಿಹೋಗಬೇಡಿ. ನೀವು ಮನೆಯಲ್ಲಿ ಮಾಡಬೇಕಾದ ಕೆಲಸ ಅಲ್ಲೇ ಇರುತ್ತದೆ.

ಫಾನಿಕ್ಸ್, ಅಂದರೆ ಅಕ್ಷರಗಳ ಶಬ್ದ ಕೂಡಿಸಿ ಓದಲು ಕಲಿಸುವ ಕ್ರಮದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಕನ್ನಡ ಓದಿ ಬೆಳೆದ ನಮಗೆ ಇಲ್ಲಿ ಒಂದು ತೊಡಕೂ ಇದೆ, ಒಂದು ಅನುಕೂಲವೂ ಇದೆ. ನಾವು ಮಗುವಿಗೆ ಇಂಗ್ಲಿಷ್ ಅಕ್ಷರದ ಶಬ್ದ ಹೇಳಿಕೊಡುವಾಗ ಅಭ್ಯಾಸಬಲದಿಂದ 'ಕ', 'ಮ', 'ಟ' ಎನ್ನುತ್ತೇವೆ. ಶಾಲೆಯಲ್ಲಿ ಹೇಳಿಕೊಡುವುದು 'ಕ್', 'ಮ್', 'ಟ್'. ಕೊನೆಗೆ 'ಅ' ಸೇರಿಸಿದರೆ ಮಗು ಶಬ್ದಗಳನ್ನು ಕೂಡಿಸುವಾಗ ಪದ ಕೆಡುತ್ತದೆ. 'ಕ-ಆ-ಟ' ಎಂದು ಎಷ್ಟು ಸಲ ಹೇಳಿದರೂ 'ಕ್ಯಾಟ್' ಬರುವುದಿಲ್ಲ. ಈ ಕೂಡಿಸುವುದಕ್ಕೇ 'ಬ್ಲೆಂಡಿಂಗ್' ಎನ್ನುತ್ತಾರೆ. ಪದವನ್ನು ಶಬ್ದಗಳಾಗಿ ಬಿಡಿಸಿ ಬರೆಯುವುದು 'ಸೆಗ್ಮೆಂಟಿಂಗ್'. ಎಸ್ ಮತ್ತು ಎಚ್ ಸೇರಿ 'ಶ್' ಆದರೆ ಅದು 'ಡೈಗ್ರಾಫ್'. ಇನ್ನು ನಮ್ಮ ಅನುಕೂಲ: ಕಾಗುಣಿತ ಬಲ್ಲವರಿಗೆ ಕ್ ಮತ್ತು ಅ ಸೇರಿದರೆ ಕ, ಕ್ ಮತ್ತು ಇ ಸೇರಿದರೆ ಕಿ ಎನ್ನುವುದು ಹೊಸದೇನಲ್ಲ. ಅರ್ಧಾಕ್ಷರವನ್ನು ಬಾಯಿಂದ ಸರಿಯಾಗಿ ಹೇಳುವುದೂ ಬರುತ್ತದೆ. ಅದನ್ನೇ ಬಳಸಿ.

ಇಯರ್ 1ರ ಜೂನ್‌ನಲ್ಲಿ ಫಾನಿಕ್ಸ್ ಸ್ಕ್ರೀನಿಂಗ್ ಚೆಕ್ ಇರುತ್ತದೆ. ಟೀಚರ್ ಎದುರು 40 ಪದ ಓದಬೇಕು. ಅದರಲ್ಲಿ 20 ನಿಜವಾದ ಪದಗಳು, ಇನ್ನು 20 ಅರ್ಥವೇ ಇಲ್ಲದವು. ಆ ಸುಳ್ಳು ಪದಗಳ ಪಕ್ಕ ಒಂದು ವಿಚಿತ್ರ ಪ್ರಾಣಿಯ ಚಿತ್ರ ಇರುತ್ತದೆ. ಮಗು ಪದವನ್ನು ನೆನಪಿನಿಂದ ಹೇಳುತ್ತಿದೆಯೋ, ಅಕ್ಷರ ನೋಡಿ ಓದುತ್ತಿದೆಯೋ ಎಂದು ತಿಳಿಯಲು ಹೀಗೆ ಮಾಡುತ್ತಾರೆ. ಮನೆಯಲ್ಲಿ ಮಗು ಇಂಥ ಪದ ಓದುವಾಗ "ಹಾಗೊಂದು ಪದವೇ ಇಲ್ಲ" ಎಂದು ತಿದ್ದಬೇಡಿ. ಆಗ ಅದನ್ನು ಗೊತ್ತಿರುವ ಪದಕ್ಕೆ ತಿರುಗಿಸಿ ಓದುವ ಅಭ್ಯಾಸ ಬೆಳೆಯುತ್ತದೆ. ಇಯರ್ 1ರಲ್ಲಿ ಮಟ್ಟ ಮುಟ್ಟದಿದ್ದರೆ ಇಯರ್ 2ರಲ್ಲಿ ಮತ್ತೆ ಓದಿಸುತ್ತಾರೆ.

ಮಗ್ಗಿಯದು ಬೇರೆ ಕಥೆ. ಇಯರ್ 4ರ ಜೂನ್‌ನಲ್ಲಿ 12ರ ಮಗ್ಗಿಯವರೆಗೆ ಕಂಪ್ಯೂಟರ್ ಮೇಲೆ 25 ಪ್ರಶ್ನೆ ಕೇಳುತ್ತಾರೆ. ಒಂದೊಂದಕ್ಕೂ 6 ಸೆಕೆಂಡ್. ಪಾಸು ಫೇಲು ಇಲ್ಲ. ನಮ್ಮ 'ಏಳೊಂದ್ಲ ಏಳು' ರಾಗ ಚೆನ್ನಾಗಿ ನೆನಪಿರುತ್ತದೆ, ಕಲಿಸಲೇಬೇಕು. ಆದರೆ ಏಳೆಂಟ್ಲ ಎಷ್ಟು ಎಂದು ಕೇಳಿದಾಗ ಮೊದಲಿಂದ ಹೇಳುತ್ತಾ ಬಂದರೆ ಸಮಯ ಮುಗಿದುಹೋಗುತ್ತದೆ. ಬಾಯಿಪಾಠ ಆದಮೇಲೆ ಅಲ್ಲಲ್ಲಿಂದ ಹಾರಿ ಹಾರಿ ಕೇಳಿ. ಅಂದಹಾಗೆ 'ಬಸ್ ಸ್ಟಾಪ್ ಮೆಥಡ್' ಎಂದು ಮಗು ಹೇಳಿದರೆ ಗಾಬರಿಯಾಗಬೇಡಿ, ಅದು ಭಾಗಾಕಾರ.

ಈಗ ನನಗೆ ತುಂಬ ಮುಖ್ಯ ಅನ್ನಿಸುವ ಮಾತು. ರಿಪೋರ್ಟ್‌ನಲ್ಲೋ ಶಾಲೆಯ ಪತ್ರದಲ್ಲೋ 'ಇಎಎಲ್' ಎಂಬ ಮೂರಕ್ಷರ ಕಾಣಬಹುದು. ಇಂಗ್ಲಿಷ್ ಆಸ್ ಆ್ಯನ್ ಅಡಿಷನಲ್ ಲ್ಯಾಂಗ್ವೇಜ್. ಮನೆಯಲ್ಲಿ ಬೇರೆ ಭಾಷೆಯೂ ಇದೆ ಎಂದಷ್ಟೇ ಅದರ ಅರ್ಥ. ಅದು ಕೊರತೆಯ ಗುರುತಲ್ಲ. ಮನೆಯ ಭಾಷೆ ಬೇರೆ ಎಂಬ ಒಂದೇ ಕಾರಣಕ್ಕೆ ಮಗುವಿಗೆ ಕಲಿಕೆಯ ತೊಂದರೆ ಇದೆ ಎನ್ನುವಂತಿಲ್ಲ ಎಂದು 2014ರ ಚಿಲ್ಡ್ರನ್ ಆ್ಯಂಡ್ ಫ್ಯಾಮಿಲೀಸ್ ಆ್ಯಕ್ಟ್ ಸ್ಪಷ್ಟವಾಗಿ ಹೇಳುತ್ತದೆ. ಆದರೂ 'ಇಎಎಲ್' ಎಂದು ನೋಡಿ ಹೆದರಿ, ಮನೆಯಲ್ಲಿ ಕನ್ನಡ ನಿಲ್ಲಿಸಿ ಬರೀ ಇಂಗ್ಲಿಷ್ ಮಾತಾಡಲು ಶುರು ಮಾಡಿದವರನ್ನು ನೋಡಿದ್ದೇನೆ. ನನಗೆ ತುಂಬ ಸಂಕಟವಾಗುತ್ತದೆ. ಅಜ್ಜಿಯ ಜೊತೆ ಫೋನಿನಲ್ಲಿ ಹರಟುತ್ತಿದ್ದ ಮಗು ಆಮೇಲೆ 'ಹಾಯ್' ಎಂದು ಫೋನ್ ವಾಪಸ್ ಕೊಡುತ್ತದೆ.

ಟೊರೊಂಟೊದಲ್ಲಿ ಕೆಲಸ ಮಾಡಿದ ಜಿಮ್ ಕಮಿನ್ಸ್ ಎಂಬ ವಿದ್ವಾಂಸರು ಈ ಬಗ್ಗೆ ಬಹಳ ಅಧ್ಯಯನ ಮಾಡಿದ್ದಾರೆ. ಆಟದ ಮೈದಾನದ ಇಂಗ್ಲಿಷ್ ಸುಮಾರು 2 ವರ್ಷದಲ್ಲಿ ಬಂದುಬಿಡುತ್ತದೆ. ಪಾಠದ ಇಂಗ್ಲಿಷ್‌ನಲ್ಲಿ ಜೊತೆಯವರ ಸಮಕ್ಕೆ ಬರಲು 5ರಿಂದ 7 ವರ್ಷ ಬೇಕಾಗುತ್ತದೆ. ಇದು ಗೊತ್ತಿದ್ದರೆ ಬೆಂಗಳೂರಿನ ಆ ತಾಯಿಯ ಪ್ರಶ್ನೆಗೂ ಅರ್ಧ ಉತ್ತರ ಸಿಕ್ಕಂತೆ. ಮಗಳು ಪಟಪಟ ಮಾತಾಡುತ್ತಾಳೆ, ಬರೆಯಲು ಮಾತ್ರ ತಡವರಿಸುತ್ತಾಳೆ, ಅಲ್ವಾ? ಇಲ್ಲಿಗೆ ಬಂದು ಇನ್ನೂ ವರ್ಷ ತುಂಬದ ಮಗುವಿಗೆ ಅದು ಸಹಜ. ಕಥೆಯನ್ನು ಮೊದಲು ಕನ್ನಡದಲ್ಲಿ ಬಾಯಲ್ಲಿ ಹೇಳಿಸಿ: ಮೊದಲು ಏನಾಯಿತು, ಆಮೇಲೆ ಏನು, ಯಾಕೆ ಹಾಗಾಯಿತು. ಯೋಚನೆ ಒಂದು ಭಾಷೆಯಲ್ಲಿ ಸಾಲಾಗಿ ನಿಂತರೆ ಇನ್ನೊಂದರಲ್ಲಿ ಬರೆಯುವುದು ಸುಲಭ.

ಹಾಗೆಂದು ಸುಮ್ನೆ ಕೂರಬೇಡಿ. ರಿಪೋರ್ಟ್ ಬರುವುದು ಜುಲೈ ಹೊತ್ತಿಗೆ, ಸೆಪ್ಟೆಂಬರ್‌ಗೆ ಸಾಮಾನ್ಯವಾಗಿ ಟೀಚರ್ ಬದಲಾಗುತ್ತಾರೆ. ರಜೆ ಶುರುವಾಗುವ ಮೊದಲೇ ಹತ್ತು ನಿಮಿಷ ಭೇಟಿ ಕೇಳಿ. ಬರವಣಿಗೆಯ ಪುಸ್ತಕ ನೋಡಬೇಕು ಎಂದು ಹೇಳಿ, ಅವರು ಖಂಡಿತ ತಪ್ಪು ತಿಳಿಯುವುದಿಲ್ಲ. ಅವಳು ಒಬ್ಬಳೇ ಬರೆದದ್ದು ಯಾವುದು, ಸಹಾಯದಿಂದ ಬರೆದದ್ದು ಯಾವುದು ಎಂದು ತೋರಿಸಲು ಹೇಳಿ. 'ಎಕ್ಸ್‌ಪೆಕ್ಟೆಡ್' ಮುಟ್ಟಲು ಇನ್ನು ಏನೇನು ಬರಬೇಕು ಎಂದು ಕೇಳಿ ಬರೆದುಕೊಳ್ಳಿ. ಅದು ಫುಲ್ ಸ್ಟಾಪ್, ಕ್ಯಾಪಿಟಲ್ ಅಕ್ಷರದಷ್ಟೇ ಇರಬಹುದು, ಸ್ಪೆಲ್ಲಿಂಗ್ ಇರಬಹುದು, ವಾಕ್ಯ ಕಟ್ಟುವುದೇ ಇರಬಹುದು. ಏನೆಂದು ತಿಳಿದ ಮೇಲೆ ಟ್ಯೂಷನ್ ಬೇಕೋ ಬೇಡವೋ ನೋಡೋಣ. ಹೊಸ ಟೀಚರ್‌ಗೂ ಇದನ್ನು ತಿಳಿಸಿ ಎಂದು ಅವರ ಹತ್ತಿರ ಹೇಳಿ ಬನ್ನಿ.