ಗುಂಪಲ್ಲಿ ಕೂತ್ರೆ ಎಂಬಿರಾ ಕೈತಪ್ಪುತ್ತೆ, ಯಾರಾದ್ರೂ ದಾರಿ ಹೇಳಿ

ಎರಡುಬೆರಳು:
ಮೂರು ತಿಂಗಳಾಯ್ತು, ತಲೆ ಕೆಟ್ಟಿದೆ. ಎಂಬಿರಾ ಅಂದ್ರೆ ಲೋಹದ ಕೀಗಳನ್ನ ಬೆರಳಲ್ಲಿ ಮೀಟೋ ವಾದ್ಯ, ಮನೇಲಿ ಒಬ್ನೇ ಅರ್ಧ ಗಂಟೆ ತಪ್ಪದೆ ನುಡಿಸ್ತೀನಿ. ಶನಿವಾರ ಇಲ್ಲಿ ಜಿಂಬಾಬ್ವೆಯ ಹರಾರೆಯ ನಮ್ಮ ಗುಂಪಲ್ಲಿ ಎರಡನೇ ಸುತ್ತಿಗೇ ಬೆರಳು ಪಕ್ಕದವರ ಪಾಠಕ್ಕೆ ಜಾರುತ್ತೆ. ಹೇಳಿಕೊಡೋ ಅಜ್ಜ ನಗ್ತಾ "ಕೇಳು" ಅಂತಾರೆ. ಏನ್ ಕೇಳ್ಲಿ?

ಬುರುಡೆಭಟ್ಟ:
ಶ್ರುತಿ. ಬೇರೇನೂ ಅಲ್ಲ. ಇಬ್ರದೂ ನ್ಯಾಮರೋಪಾ ಶ್ರುತಿ ಅಂದ್ರೂ ಒಬ್ಬ ಮಾಡಿದ್ದು ಇನ್ನೊಬ್ಬ ಮಾಡಿದ್ದಕ್ಕೆ ಕೂಡಲ್ಲ.

ಎರಡುಬೆರಳು:
ಎಲ್ಲಾ ಒಬ್ರೇ ಮಾಡಿದ್ದು. ಶ್ರುತಿ ಸರಿ ಇದೆ.

ಬುರುಡೆಭಟ್ಟ:
ಕೀ ಸರಿದಿರುತ್ತೆ. ತಟ್ಟಿ ನೋಡು.

ಗಿರಗಿಟ್ಲೆ:
ವಾದ್ಯಕ್ಕೆ ಕಟ್ಟಿರೋ ಆ ಬಾಟ್ಲಿ ಮುಚ್ಚಳಗಳ ಗಿರಗಿರ ತೆಗೆದುಹಾಕಿ, ಸ್ವರ ಸ್ಪಷ್ಟ ಆಗುತ್ತೆ.

ತನಿಆವರ್ತನ:
ತಂಬೂರಿಗೆ ಝೇಂಕಾರ ತರೋ ಜೀವಾಳಿ ದಾರಾನೂ ಕಿತ್ತುಹಾಕ್ತೀರಾ? ಆ ಮುಚ್ಚಳ, ಮಚಾಚಾರಾ, ಇಲ್ದೆ ಎಂಬಿರಾ ಎಲ್ಲಿ?

ಗಿರಗಿಟ್ಲೆ:
ಕಲಿಯೋವಾಗ ಮಾತ್ರ ಅಂದಿದ್ದು. ಓದಿ ಬರೀರಿ.

ತನಿಆವರ್ತನ:
ಬಿಡಿ. @ಎರಡುಬೆರಳು, ನಿನ್ನದು ಮೊದಲು ಎತ್ತೋ ಕುಶೌರಾನೋ, ಅದರ ಬೆನ್ನಿಗೆ ಸೇರೋ ಕುತ್ಸಿನ್ಹಿರಾನೋ?

ಎರಡುಬೆರಳು:
ಕುತ್ಸಿನ್ಹಿರಾ. ಹೇಳ್ಬೇಕಿತ್ತಾ? ನಾವು ನುಡಿಸೋ ಈ ಪದದಲ್ಲಿ ಇಬ್ರದೂ ಒಂದೇ ಪಾಠ, ನಾನು ಒಂದು ಮಾತ್ರೆ ಹಿಂದೆ ಎತ್ಕೋಬೇಕು.

ತನಿಆವರ್ತನ:
ಅಯ್ಯೋ ಮಾರಾಯ, ಅದೇ ತಾನೇ ಕತೆ! ಸುತ್ತಿಗೆ 48 ಮಾತ್ರೆ, ನಾಲ್ಕು ತುಂಡು, ತುಂಡಿಗೆ 12. ಮನೇಲಿ ತಾಳ ಹಿಡಿಯೋ ಗಿಲಕಿ, ಹೋಶೋ, ಯಾರು ಅಲ್ಲಾಡಿಸ್ತಾರೆ?

ಎರಡುಬೆರಳು:
ಯಾರೂ ಇಲ್ಲ. ಮೆಟ್ರೋನೋಮ್ ಇದೆ, ನನ್ನ ಮೊದಲ ಹೊಡೆತಕ್ಕೆ ಸರಿಯಾಗಿ ಕೂರ್ಸಿದೀನಿ.

ತನಿಆವರ್ತನ:
ಅಲ್ಲೇ ಎಡವಿದ್ದು. ಮನೇಲಿ ನಿನ್ನ ಎತ್ತುಗಡೆಯೇ ಸಮ, ಅಂದ್ರೆ ತಾಳದ ಮೊದಲ ಪೆಟ್ಟು, ಆಗ್ಬಿಟ್ಟಿದೆ. ಗುಂಪಲ್ಲಿ ಸಮ ಹೋಶೋದ್ದು, ನಿನ್ನದು ಬರೀ ಎಡುಪು, ಎತ್ತೋ ಜಾಗ. ಕಿವಿ ಹಳೇ ಸಮ ಹುಡುಕ್ಕೊಂಡು ಓಡುತ್ತೆ, ಬೆರಳು ಅದರ ಹಿಂದೆ. ವಾದ್ಯ ಕೆಳಗಿಡು. ಶನಿವಾರದ್ದು ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊ, ಹೋಶೋಗೆ ಕಾಲು ತಟ್ಟುತ್ತಾ ನಿನ್ನ ಪಾಠ ಬಾಯಲ್ಲಿ ಹೇಳು. ಒಂದು ವಾರ ಬರೀ ಇಷ್ಟೇ.

ಬುರುಡೆಭಟ್ಟ:
ಇಷ್ಟೆಲ್ಲಾ ಯಾಕೆ? ನನ್ನತ್ರ ಮೂರಿದೆ. ಎರಡು ನ್ಯಾಮರೋಪಾ, ಒಂದು ಗಂಡಂಗಾ ಶ್ರುತಿದು, ಮೂರಕ್ಕೂ 24 ಕೀ, ಪಿಕಪ್ ಬೇರೆ. ಶ್ರುತಿ ಕೂಡಿದ್ರೆ ಬೆರಳು ತಾನಾಗೇ ಕೂಡುತ್ತೆ. ಫೋಟೋ ಹಾಕ್ಲಾ?

ಗಿರಗಿಟ್ಲೆ:
ಹಾಕಿ ಸಾರ್! ದನಿ ದೊಡ್ಡದು ಮಾಡೋ ದೇಝೆ ನಿಜವಾದ ಸೋರೆಬುರುಡೆನಾ, ಫೈಬರಾ?

ಎರಡುಬೆರಳು:
ವಾರ ಪೂರ್ತಿ ಕಾಲು ತಟ್ಟಿದೆ. ನಿನ್ನೆ ನಾಲ್ಕು ಸುತ್ತು ನಿಂತೆ! ಐದನೇದರಲ್ಲಿ ಜಾರಿದೆ, ಆದ್ರೆ ಪಕ್ಕದವರ ಪಾಠಕ್ಕಲ್ಲ. ನಾನೂ ಬಾರಿಸ್ತಿಲ್ಲ, ಅವರೂ ಬಾರಿಸ್ತಿಲ್ಲ, ಮಧ್ಯ ಎಲ್ಲೋ ಮೂರನೇ ಪದ ಒಂದು ಕೇಳಿಸ್ತು. ಅದರ ಹಿಂದೆ ಹೋದೆ, ಕೈ ನಿಂತೋಯ್ತು. ಅಜ್ಜ ಆಗ್ಲೂ ನಕ್ಕರು. ಇದು ಎಲ್ರಿಗೂ ಕೇಳ್ಸುತ್ತಾ?

ಬುರುಡೆಭಟ್ಟ:
ಫೈಬರ್. ಬಿದ್ರೂ ಒಡೆಯಲ್ಲ.