33ನೇ ರೆಜಿಮೆಂಟ್, 1799: ಕೋಟೂ ಕೆಂಪು, ಕಾಲರೂ ಕೆಂಪು, ಬೇರೆಬೇರೆಯಾಗಿ ಕಾಣಿಸೋದು ಹೇಗೆ?

ತೋಪಿನಹಾದಿ:
ನಮಸ್ಕಾರ. ಶ್ರೀರಂಗಪಟ್ಟಣದ ಕೋಟೆಗೆ ಲಗ್ಗೆ ಹಾಕಿದ ದೃಶ್ಯದ ಡಯೋರಾಮಾ (ಗೊಂಬೆಗಳಿಟ್ಟ ಪುಟ್ಟ ಮಾದರಿ) ಮಾಡ್ತಿದ್ದೇನೆ. ಬ್ರಿಟಿಷರ ಕಡೆಗೆ 12 ಮತ್ತು 33ನೇ ಕಾಲ್ದಳ. ಗೊಂಬೆಗಳು 28 ಎಂಎಂ ಪ್ಲಾಸ್ಟಿಕ್, ವಾಟರ್ಲೂ ಕಾಲದ (1815) ಸೆಟ್. 12ನೆಯದು ಹಳದಿ ಫೇಸಿಂಗ್ (ಕಾಲರ್, ತೋಳಿನ ಪಟ್ಟಿಗಳಿಗೆ ದಳದ ಗುರುತಿನ ಬಣ್ಣ), ಚೆನ್ನಾಗಿ ಬಂತು. 33ನೆಯದಕ್ಕೆ ಫೇಸಿಂಗೂ ಕೆಂಪೇ. ಹಚ್ಚಿ ನೋಡಿದರೆ ಕಾಲರ್, ತೋಳಿನ ಪಟ್ಟಿ, ಕೋಟು ಎಲ್ಲ ಸೇರಿ ಒಂದೇ ಮುದ್ದೆ. ಕಾಲರಿಗೆ ಬೇರೆ ಕೆಂಪು ಹಚ್ಚಲಾ?

ಕುಂಚದಮೊನೆ:
ಬೇಡ ಸರ್. ಸಿಪಾಯಿಯ ಕೋಟಿಗೆ ಮಂಜಿಷ್ಠದ ಬೇರಿನ ಬಣ್ಣ ಹಾಕ್ತಿದ್ದರು, ಅದು ಇಟ್ಟಿಗೆ ಕಡೆಗೆ ತಿರುಗುವ ಕೆಂಪು. ಅಧಿಕಾರಿಯ ಕೋಟು ಮಾತ್ರ ಕೊಚಿನೀಲ್ ಹುಳುವಿನ ಉಜ್ವಲ ಕೆಂಪು. ಛಾಯೆಯ ವ್ಯತ್ಯಾಸ ಅಲ್ಲಿ ತೋರಿಸಿ, ಕಾಲರಿನಲ್ಲಲ್ಲ.

ಕಾಲರನ್ನು ಬೇರ್ಪಡಿಸೋದು ಲೇಸ್, ಅಂದರೆ ಅಂಚಿಗೆ ಹೊಲಿದ ಸಣ್ಣ ಪಟ್ಟಿ. ಮೊದಲು ಕಾಲರ್, ತೋಳಪಟ್ಟಿಗಳ ಅಂಚಿಗೆ ಕಡುಕಂದು ಗೆರೆ ಎಳೆಯಿರಿ. ಅದು ಒಣಗಿದ ಮೇಲೆ ಒಳಗಡೆ ಲೇಸ್. ಕೆಂಪಿನ ಮೇಲೆ ನೇರವಾಗಿ ಬಿಳಿ ಹಚ್ಚಿದರೆ ಗುಲಾಬಿಗೆ ತಿರುಗುತ್ತೆ, ಆದ್ದರಿಂದ ಕೆಳಗೆ ತಿಳಿಬೂದು ಕೊಟ್ಟು ಮೇಲೆ ಬಿಳಿ. ಈ ದಳದ ಲೇಸಿನ ನಡುವೆ ಒಂದು ಕೆಂಪು ಗೆರೆ ಇತ್ತು, ಈ ಅಳತೆಯಲ್ಲಿ ಅದನ್ನು ಬಿಟ್ಟರೂ ನಡೆಯುತ್ತೆ. ಅಧಿಕಾರಿಗೆ ಬೆಳ್ಳಿ ಲೇಸ್.

ಆದರೆ ನಿಜವಾದ ತೊಂದರೆ ತಲೆಯ ಮೇಲಿದೆ. ಶಾಕೋ, ಅಂದರೆ ಕೊಳವೆಯಂಥ ಎತ್ತರದ ಟೋಪಿ, ಬ್ರಿಟಿಷ್ ಕಾಲ್ದಳಕ್ಕೆ ಬಂದದ್ದೇ 1800ರಲ್ಲಿ. ನಿಮ್ಮ ಸೆಟ್ಟಿನಲ್ಲಿರೋದು ಅದಕ್ಕಿಂತಲೂ ಈಚಿನದು. ಭಾರತದಲ್ಲಿ ಆಗ ಅಂಚಿರುವ ದುಂಡು ಹ್ಯಾಟ್ ಹಾಕ್ತಿದ್ದರು. ತಲೆ ಕತ್ತರಿಸಿ ಬದಲಾಯಿಸಿ. ದಯವಿಟ್ಟು ಇದನ್ನು ಬಿಡಬೇಡಿ, 1799 ಅಂತ ನೋಡಿದವರಿಗೆ ಗೊತ್ತಾಗೋದೇ ಆ ಹ್ಯಾಟಿನಿಂದ.

ತೋಪಿನಹಾದಿ:
ತುಂಬಾ ಉಪಕಾರ. ಬೂದು ಕೊಟ್ಟು ಬಿಳಿ ಹಚ್ಚಿದೆ, ಕಾಲರ್ ಈಗ ಸ್ಪಷ್ಟವಾಗಿ ಕಾಣ್ತಿದೆ. 12 ಮತ್ತು 33 ಅಕ್ಕಪಕ್ಕ ಇಟ್ಟರೆ ಸರಿಯಾ? 33ನೆಯದರ ದಳಪತಿ ವೆಲ್ಲೆಸ್ಲಿಯನ್ನೂ ಮುಂದೆ ನಿಲ್ಲಿಸಬೇಕು ಅಂತ ಆಸೆ.

ಹಳೇಬತೇರಿ:
ಮೇ 4ರ ಲಗ್ಗೆಯಲ್ಲಿ ಎರಡೂ ಡನ್‌ಲಾಪ್‌ನ ಎಡ ತುಕಡಿಯಲ್ಲೇ ಇದ್ದವು, ಉತ್ತರದ ಕೋಟೆಗೋಡೆ ಹಿಡಿದು ಹೋದದ್ದು. ಆದ್ದರಿಂದ ಅಕ್ಕಪಕ್ಕ ಸರಿ. ವೆಲ್ಲೆಸ್ಲಿ ಮಾತ್ರ ಬೇಡ. ಲಗ್ಗೆಯ ನಾಯಕ ಬೇರ್ಡ್, ವೆಲ್ಲೆಸ್ಲಿ ಮೀಸಲು ಪಡೆಯ ಜೊತೆ ಬ್ರಿಟಿಷರು ಮುತ್ತಿಗೆಗೆ ತೋಡಿದ ಕಂದಕದಲ್ಲಿದ್ದ. ಅವನೂ 33ನೆಯದೂ ಒಟ್ಟಿಗೆ ಬೇಕಿದ್ದರೆ ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆಯ ಮರಗಳ ತೋಪಿನಲ್ಲಿ ಟಿಪ್ಪುವಿನ ಸೈನಿಕರು ಅವರನ್ನು ಹಿಮ್ಮೆಟ್ಟಿಸಿದ ದೃಶ್ಯ ಮಾಡಿ. ನಿಮ್ಮ ಹೆಸರಿಗೂ ಹೊಂದುತ್ತೆ.

ಬಾವುಟ ಅಂಟಿಸುವ ಮೊದಲು ಒಮ್ಮೆ ನೋಡಿ. ಸೆಟ್ಟಿನ ಜೊತೆ ಬರುವ ಯೂನಿಯನ್ ಬಾವುಟದಲ್ಲಿ ಐರ್ಲೆಂಡಿನ ಕೆಂಪು ಓರೆ ಶಿಲುಬೆ ಇರುತ್ತೆ, ಅದು ಸೇರಿದ್ದು 1801ರಲ್ಲಿ. ಅದನ್ನು ಬಿಳಿ ಬಣ್ಣದಿಂದ ಮುಚ್ಚಿಬಿಡಿ. ದಳದ ಎರಡನೆಯ ಬಾವುಟ ಬಿಳಿ ಬಟ್ಟೆ, ಅದರ ಮೇಲೆ ಸೇಂಟ್ ಜಾರ್ಜ್‌ನ ಕೆಂಪು ಶಿಲುಬೆ, ಮೂಲೆಯಲ್ಲಿ ಚಿಕ್ಕ ಯೂನಿಯನ್. ಕೆಂಪು ಫೇಸಿಂಗ್ ದಳಗಳಿಗೆ ಅದೇ ನಿಯಮ.

ತೋಪಿನಹಾದಿ:
ಡ್ರಮ್ಮರಿಗೂ ಅದೇ ಕೆಂಪು ಕೋಟಾ?

ಕುಂಚದಮೊನೆ:
ಇಲ್ಲ. 1768ರ ರಾಜಾಜ್ಞೆಯ ಪ್ರಕಾರ ಕೆಂಪು ಫೇಸಿಂಗ್ ದಳಗಳ ಡ್ರಮ್ಮರಿಗೆ ಬಿಳಿ ಕೋಟು, ಕೆಂಪು ಫೇಸಿಂಗ್. ಬಿಳಿ ಪ್ರೈಮರ್ (ಬಣ್ಣಕ್ಕೆ ಮುಂಚಿನ ಮೊದಲ ಲೇಪ) ಹೊಡೆದು ಶುರುಮಾಡಿ.