ವಿಡಿಯೋದಲ್ಲಿ ಕಣ್ಣು ಪರೀಕ್ಷೆ: ಬರೀ ಕಣ್ಣೊರೆಸುವ ತಂತ್ರ ಅಲ್ವಾ?

ಬಸವನಗುಡಿ_ಶಶಿ: ಕೋವಿಡ್ ಕಾಲದಲ್ಲಿ ಕಣ್ಣಿನ ಡಾಕ್ಟರುಗಳೂ ವಿಡಿಯೋಗೆ ಇಳಿದರು. ನೆಗಡಿ, ಕೆಮ್ಮಿಗೆ ಅದು ಸರಿ. ಕಣ್ಣಿಗೆ ಹೇಗೆ? ನಮ್ಮ ಅಮ್ಮನಿಗೆ ಗ್ಲಾಕೋಮಾ ಇದೆ. 2020ರ ಲಾಕ್‌ಡೌನ್‌ನಲ್ಲಿ ‘ಅದೇ ಡ್ರಾಪ್ಸ್ ಹಾಕ್ತಿರಿ’ ಅಂದರು, ಅಷ್ಟೇ. ಕಣ್ಣಿನ ಪ್ರೆಶರ್ ಏರಿದೆಯೋ ಇಳಿದಿದೆಯೋ, ಫೋನಿಗೇನು ಗೊತ್ತು?

ಯಲಹಂಕ_ಮಂಜು: ‘ಫೋನಿಗೇನು ಗೊತ್ತು’ ಅಂತೆ! ಆ ಏಪ್ರಿಲ್‌ನಲ್ಲಿ ಮೆಟ್ರೋ ಓಡುತ್ತಿತ್ತಾ ಸರ್? ಡ್ರಾಪ್ಸ್ ನಿಂತೇ ಹೋಗಿದ್ದರೆ ಏನು ಮಾಡುತ್ತಿದ್ದಿರಿ? ಕೇಂದ್ರ ಸರ್ಕಾರ 2020ರ ಮಾರ್ಚ್ 25ಕ್ಕೇ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಡಿಸಿತ್ತು. ಇನ್ನು ಕಣ್ಣಿಗೆ ಹೇಗೆ ಅನ್ನುವವರು ‘ಕಿಡ್ರಾಪ್’ ಹೆಸರೇ ಕೇಳಿಲ್ಲ ಅನ್ನಿಸುತ್ತದೆ. ನಾರಾಯಣ ನೇತ್ರಾಲಯ ಅದನ್ನು ಶುರು ಮಾಡಿದ್ದು 2008ರಲ್ಲಿ. ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳ ರೆಟಿನಾ, ಅಂದರೆ ಕಣ್ಣಿನ ಹಿಂಭಾಗದ ಒಳಪದರದ ಫೋಟೋ ಬೇರೆ ಊರುಗಳಲ್ಲಿ ತೆಗೆಯುತ್ತಾರೆ, ಡಾಕ್ಟರು ದೂರದಿಂದಲೇ ನೋಡುತ್ತಾರೆ.

ಆಪ್ಟೋಮೆಟ್ರಿಸ್ಟ್_ರೇಖಾ: ಅಲ್ಲಿ ತರಬೇತಿ ಪಡೆದ ಟೆಕ್ನಿಷಿಯನ್ ರೆಟ್‌ಕ್ಯಾಮ್ ಅನ್ನುವ ರೆಟಿನಾ ಕ್ಯಾಮೆರಾ ಹೊತ್ತುಕೊಂಡು ಮಗುವಿನ ಹತ್ತಿರ ಹೋಗುತ್ತಾರೆ. ಮನೆಯಲ್ಲಿ ಮೊಬೈಲ್ ಹಿಡಿಯುವುದೂ ಅದೂ ಒಂದೇನಾ? ನನ್ನ ಭಯ ಬೇರೆ. ಕೆಂಪು ಕಣ್ಣಿನ ವಾಟ್ಸಾಪ್ ಫೋಟೋ ನೋಡಿ ಸ್ಟಿರಾಯ್ಡ್ ಡ್ರಾಪ್ಸ್ ಬರೆದುಬಿಟ್ಟರೆ? ಅಲ್ಲಿ ಫಂಗಸ್ ಹುಣ್ಣು ಆಗಿದ್ದರೆ ಕಣ್ಣೇ ಹೋಗಬಹುದು.

ಯಲಹಂಕ_ಮಂಜು: ‘ಹೊತ್ತುಕೊಂಡು’ ಹೋದರೆ ಟೆಲಿಮೆಡಿಸಿನ್ ಅಲ್ಲವಾ ಮೇಡಂ? ಕೂಸು ಒಂದು ಊರಲ್ಲಿ, ಡಾಕ್ಟರು ಇನ್ನೊಂದು ಊರಲ್ಲಿ. ಇನ್ನೇನು ಬೇಕು?

ಚಾಮರಾಜಪೇಟೆ_ಮೇಷ್ಟ್ರು: ಮಾತು ನಡೆದಿರುವುದು ಕೋವಿಡ್ ಬಗ್ಗೆ. ಮಧ್ಯೆ 2008 ಎಲ್ಲಿಂದ ಬಂತು?

ಯಲಹಂಕ_ಮಂಜು: ನಿಮಗೆ ಇಸವಿ ಮುಖ್ಯ ಮೇಷ್ಟ್ರೇ, ಮಕ್ಕಳ ಕಣ್ಣಲ್ಲ.

ಚಾಮರಾಜಪೇಟೆ_ಮೇಷ್ಟ್ರು: ಮಕ್ಕಳನ್ನು ಮುಂದೆ ಬಿಟ್ಟು ಹಿಂದೆ ಅವಿತುಕೊಳ್ಳಬೇಡಿ! ಕಿಡ್ರಾಪ್ ಒಳ್ಳೆಯದಾದರೆ ಎಲ್ಲರ ವಿಡಿಯೋ ಕಾಲ್ ಒಳ್ಳೆಯದಾಗಿಬಿಡುತ್ತದಾ? ನೀವೇನು ಆ್ಯಪ್ ಮಾರುವವರಾ?

ಯಲಹಂಕ_ಮಂಜು: ಬಾಯಿಗೆ ಬಂದಂತೆ ಮಾತಾಡಬೇಡಿ. ನಾನು ಆ್ಯಪೂ ಮಾರುವುದಿಲ್ಲ, ಅಪ್ಪಳವೂ ಮಾರುವುದಿಲ್ಲ.

ಜಯನಗರ_ಅನು: ಜಗಳ ಸಾಕು. 2021ರ ಬ್ಲ್ಯಾಕ್ ಫಂಗಸ್ ಮರೆತಿರಾ? ಬೌರಿಂಗ್ ಆಸ್ಪತ್ರೆಯಲ್ಲಿ ಅದಕ್ಕೇ ಅಂತ ಬೆಡ್ ಇಟ್ಟಿದ್ದರು. ಮುಖ ಊದಿದೆ, ಕಣ್ಣು ನೋವು, ಒಂದು ವಸ್ತು ಎರಡಾಗಿ ಕಾಣುತ್ತಿದೆ, ಸಕ್ಕರೆ ಕಾಯಿಲೆ ಬೇರೆ. ಇದನ್ನು ವಿಡಿಯೋದಲ್ಲೇ ಗುರುತಿಸಿ ‘ಈಗಲೇ ಹೊರಡಿ’ ಅನ್ನಬಹುದು.

ಬಸವನಗುಡಿ_ಶಶಿ: ‘ಹೊರಡಿ’ ಅಂದರೆ ಎಲ್ಲಿಗೆ? ಆಸ್ಪತ್ರೆಗೇ ತಾನೆ? ನಾನು ಹೇಳಿದ್ದೂ ಅದನ್ನೇ.

ಆಪ್ಟೋಮೆಟ್ರಿಸ್ಟ್_ರೇಖಾ: ಯಾರು ಹೊರಡಬೇಕು ಅಂತ ತಿಳಿಯುವುದೇ ಅರ್ಧ ಕೆಲಸ ಸರ್. ಕಣ್ಣಲ್ಲಿ ಮಿಂಚು ಹೊಡೆದ ಹಾಗೆ, ಒಂದು ಕಡೆಯಿಂದ ಪರದೆ ಇಳಿದ ಹಾಗೆ ಅಂದರೆ ರೆಟಿನಾ ಕಳಚಿರಬಹುದು. ಆಗ ಓಡಿಸೋಕೆ ಮಾತೇ ಸಾಕು. ಗ್ಲಾಕೋಮಾ ಪ್ರೆಶರ್‌ಗೆ ಸಾಲದು. ಅಂದಹಾಗೆ, ಸ್ಟಿರಾಯ್ಡ್ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ.

ಯಲಹಂಕ_ಮಂಜು: ‘ಮಾತೇ ಸಾಕು’. ಥ್ಯಾಂಕ್ಸ್ ಮೇಡಂ. ಮೇಷ್ಟ್ರೇ, ಓದಿಕೊಳ್ಳಿ.

ಚಾಮರಾಜಪೇಟೆ_ಮೇಷ್ಟ್ರು: ಅದರ ಮುಂದಿನ ಸಾಲು ನಿಮಗೆ ಕಾಣಿಸಲಿಲ್ಲವಾ?

ಯಲಹಂಕ_ಮಂಜು: ಆ್ಯಪ್ ಮಾರುವವನು ಅಂದಿರಲ್ಲ, ಮೊದಲು ಅದಕ್ಕೆ ಕ್ಷಮೆ ಕೇಳಿ.

ಚಾಮರಾಜಪೇಟೆ_ಮೇಷ್ಟ್ರು: ಕೇಳುವುದಿಲ್ಲ. ನೀವು ಮೊದಲು 2008ಕ್ಕೆ ಉತ್ತರ ಕೊಡಿ.